ತಮ್ಮನಿಗೆ ಕೊಟ್ಟ ಮಾತ್ರೆ

ದರ್ಜಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಕೈ ನಡುಗುತ್ತಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಅವನು ಗಿರಾಕಿಯೊಬ್ಬರ ಉಣ್ಣೆ ಕೋಟನ್ನೇ ಹೊದ್ದು ಕೂತಿದ್ದ. ಕೋಟಿಗೆ ಇನ್ನೂ ಒಂದೇ ತೋಳು.

"ರೀ, ಮೂರು ದಿನ ಆಯ್ತು. ಡಾಕ್ಟ್ರ ಹತ್ರ ಹೋಗೋಣ," ಎಂದಳು ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ.

"ನೆಗಡಿ ಜ್ವರ ಕಣೇ. ನಿನ್ನೆ ಸಂಜೆ ಬಿಟ್ಟಿತ್ತಲ್ಲ, ಒಂದೂವರೆ ಪ್ಯಾಂಟ್ ಹೊಲಿದೆ."

"ನೆಗಡಿ ಎಲ್ಲಿದೆ? ನಿಮ್ಮ ಮೂಗು ಒಣಗಿ ಕೂತಿದೆ."

"ಸುಮ್ನಿರೇ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಅವನು. ಹುಟ್ಟಿದ ದೇಶ ಬಿಟ್ಟು ಬಂದು ಇಲ್ಲಿ ಅಂಗಡಿ ಹಾಕಿ ಹದಿನಾಲ್ಕು ವರ್ಷವಾಗಿತ್ತು. ಈಚೆಗೆ ಹೆಂಡತಿ, ಮಗಳನ್ನು ಕರೆದುಕೊಂಡು ಎರಡು ವಾರ ತವರು ದೇಶ ನೋಡಿಕೊಂಡು ಬಂದ. ಬಂದು ಹನ್ನೆರಡು ದಿನ. ಅಲ್ಲಿ ಮಲೇರಿಯಾ ಕಾಟ ಹೆಚ್ಚು. ಅದಕ್ಕೇ ಎದುರುಮನೆಯ ನರ್ಸಕ್ಕ ಹೊರಡುವ ಮೊದಲೇ ಮೂವರನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋಗಿ, ಕಾಯಿಲೆ ಬರದಂತೆ ತಡೆಯುವ ಮಾತ್ರೆ ಬರೆಸಿದ್ದಳು. ಹೊರಡುವ ಮುಂಚೆಯೇ ಶುರು ಮಾಡಬೇಕು, ಅಲ್ಲಿದ್ದಷ್ಟು ದಿನ ನುಂಗಬೇಕು, ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಬಿಡಬಾರದು.

ಹೆಂಡತಿ, ಮಗಳು ಒಂದು ದಿನವೂ ತಪ್ಪಿಸಲಿಲ್ಲ. ಮಲಗಿದ್ದೂ ಸೊಳ್ಳೆಪರದೆಯೊಳಗೇ. ಇವನು ಮಾತ್ರ ಬನಿಯನ್ ಹಾಕಿಕೊಂಡು ಅಂಗಳದಲ್ಲಿ ಮಲಗಿ, "ಇಲ್ಲಿನ ಸೊಳ್ಳೆಗಳಿಗೆ ನನ್ನ ಗುರುತಿದೆ," ಎಂದು ಜಂಬ ಕೊಚ್ಚಿಕೊಂಡ. ಐದನೇ ದಿನ ಚಿಕ್ಕಪ್ಪನ ಮಗನಿಗೆ ಜ್ವರ ಬಂತು. ಹೊರದೇಶದ ಮಾತ್ರೆ ಎಂದರೆ ಅಲ್ಲಿ ಭಾರೀ ಮರ್ಯಾದೆ. ತಮ್ಮ ಬಾಯಿಬಿಟ್ಟು ಕೇಳಿದ. ಅಷ್ಟು ದೂರದಿಂದ ಬಂದ ಅಣ್ಣ ಇಲ್ಲ ಎನ್ನುವುದುಂಟೇ? ತನ್ನ ಪೊಟ್ಟಣವನ್ನು ಪೂರ್ತಿ ಕೊಟ್ಟುಬಿಟ್ಟ. ಹೆಂಡತಿಗೆ ಹೇಳಲಿಲ್ಲ.

ಅಷ್ಟರಲ್ಲಿ ನರ್ಸಕ್ಕ ತನ್ನ ಯೂನಿಫಾರ್ಮಿನ ಸೊಂಟ ಸಡಿಲ ಮಾಡಿಸಲು ಅಂಗಡಿಗೆ ಬಂದಳು. ಬಂದವಳು ಯೂನಿಫಾರ್ಮ್ ಮರೆತು ಅವನ ಹಣೆ ಮುಟ್ಟಿ ನೋಡಿದಳು.

"ಏನಪ್ಪ, ಮೈ ಕಾದ ಹೆಂಚಾಗಿದೆ. ಮಾತ್ರೆ ಎಲ್ಲಾ ಮುಗಿಸಿದ್ಯಾ?"

ದರ್ಜಿ ಕೊರಳಲ್ಲಿದ್ದ ಟೇಪನ್ನು ತಿರುವಿದ. "ಅದು... ನಮ್ಮ ತಮ್ಮನಿಗೆ ಕೊಟ್ಟೆ ಅಕ್ಕ. ನನಗ್ಯಾಕೆ ಅದು? ಚಿಕ್ಕವನಿದ್ದಾಗ ನಾಲ್ಕು ಸಲ ಮಲೇರಿಯಾ ಬಂದು ಹೋಗಿದೆ. ಮೈಗೆ ಅಭ್ಯಾಸ ಇದೆ."

"ಕೊಟ್ರಾ?" ಹೆಂಡತಿಯ ಕೈಯಿಂದ ಗುಂಡಿ ಜಾರಿತು. "ದಿನಾ ನನ್ನ ಮುಂದೆ ಲೋಟ ಎತ್ತಿ ಕುಡೀತಿದ್ರಲ್ಲ?"

"ನೀರು ಕುಡೀತಿದ್ದೆ."

ನರ್ಸಕ್ಕ ಬೈಯಲಿಲ್ಲ. ಮೇಜಿನ ಮೇಲಿದ್ದ ಅಳತೆ ಪುಸ್ತಕ ತೋರಿಸಿದಳು. "ಇದರಲ್ಲಿ ನನ್ನ ಹತ್ತು ವರ್ಷದ ಹಿಂದಿನ ಅಳತೆ ಇದೆ ತಾನೆ? ಅದನ್ನೇ ನೋಡಿ ಬಟ್ಟೆ ಕತ್ತರಿಸ್ತೀಯಾ?"

"ಹೇಗಾಗುತ್ತೆ ಅಕ್ಕ? ಮೈ ಬದಲಾಗಿರುತ್ತೆ. ಹಳೇ ಅಳತೆ ನಂಬಿ ಕತ್ತರಿ ಹಾಕಿದ್ರೆ ಬಟ್ಟೆ ಹಾಳು."

"ಮತ್ತೆ ನಿನ್ನ ಮೈಗೆ ಮಾತ್ರ ಹದಿನಾಲ್ಕು ವರ್ಷದ ಹಿಂದಿನ ಅಳತೆ ಯಾಕಪ್ಪ? ಅಲ್ಲೇ ಇದ್ದು ಮತ್ತೆ ಮತ್ತೆ ಸೊಳ್ಳೆ ಕಚ್ಚಿಸಿಕೊಂಡವರಿಗೆ ಸ್ವಲ್ಪ ತಡೆಯೋ ಶಕ್ತಿ ಇರುತ್ತೆ. ಊರು ಬಿಟ್ಟು ವರ್ಷಗಳಾದ್ರೆ ಅದೂ ಕರಗುತ್ತೆ. ಮಲೇರಿಯಾಗೆ ಈಗ ನೀನು ಹೊಸಬ."

ದರ್ಜಿ ಅಳತೆ ಪುಸ್ತಕವನ್ನು ಪಕ್ಕಕ್ಕೆ ಸರಿಸಿದ. "ಆದ್ರೆ ಜ್ವರ ಬಿಡುತ್ತಲ್ಲ?"

"ಬಿಟ್ಟು ಬಿಟ್ಟು ಬರೋದೇ ಅದರ ಚಾಳಿ. ನಂಬಿಸಿ ಕತ್ತು ಕೊಯ್ಯುತ್ತೆ. ಮೆದುಳಿಗೆ ಏರಿದ್ರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು."

"ಹಾಗಾದ್ರೆ ನಾಳೆ ಬೆಳಿಗ್ಗೆ ಹೋಗ್ತೀನಿ. ಈ ಕೋಟು ಇವತ್ತು ಕೊಡಬೇಕು."

ಹೆಂಡತಿ ಎದ್ದಳು. ಅವನ ಮೈಮೇಲಿನ ಕೋಟು ತೆಗೆದು ಮೊಳೆಗೆ ಹಾಕಿ, ಅಂಗಡಿಯ ಶಟರ್ ಎಳೆದಳು.

ಆಸ್ಪತ್ರೆಯಲ್ಲಿ ನರ್ಸಕ್ಕ ಮೊದಲು ಹೇಳಿದ್ದೇ ಅವನು ಯಾವ ದೇಶಕ್ಕೆ ಹೋಗಿದ್ದ, ಯಾವಾಗ ವಾಪಸು ಬಂದ ಎನ್ನುವುದನ್ನು. ಬೆರಳು ಚುಚ್ಚಿ ರಕ್ತ ತೆಗೆದರು. ಒಂದು ಗಂಟೆಯೊಳಗೆ ಫಲಿತಾಂಶ ಬಂತು: ಮಲೇರಿಯಾ, ಅದರಲ್ಲೂ ಜೀವಕ್ಕೆ ಕುತ್ತು ತರುವ ಜಾತಿಯದು. ಅವನನ್ನು ಅಲ್ಲೇ ಸೇರಿಸಿಕೊಂಡು ಔಷಧಿ ಏರಿಸತೊಡಗಿದರು. ಆಮೇಲಿನದು ದರ್ಜಿಗೆ ನೆನಪಿಲ್ಲ. ಆ ಸಂಜೆ ಸ್ವಂತ ಮಗಳ ಗುರುತೇ ಸಿಗದೆ "ಯಾರಮ್ಮ ನೀನು?" ಎಂದು ಕೇಳಿದನಂತೆ. ಮಗು ಬಿಕ್ಕಿ ಬಿಕ್ಕಿ ಅತ್ತಿತಂತೆ. ಮೂರನೇ ದಿನ ಅವನು ಚೇತರಿಸಿಕೊಂಡ ಮೇಲೆ ಹೆಂಡತಿ ಇದನ್ನು ಹೇಳಿದಾಗ ಅವನಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು.

"ಅಕ್ಕ," ಎಂದ ಅವನು, ನೋಡಲು ಬಂದ ನರ್ಸಕ್ಕನಿಗೆ. "ತಮ್ಮನಿಗೆ ಕೊಟ್ಟ ಮಾತ್ರೆ ಕೆಲಸ ಮಾಡಿರುತ್ತಾ?"

"ಅದು ನಿನಗೆ ಬರದೇ ಇರಲಿ ಅಂತ ಬರೆದದ್ದು. ಬಂದಿರೋ ಕಾಯಿಲೆಗೆ ಒಂದೊಂದೇ ನುಂಗಿದ್ರೆ ಸ್ವಲ್ಪ ಅಡಗಿದ ಹಾಗೆ ಕಾಣುತ್ತೆ, ಆಮೇಲೆ ಮತ್ತೆ ಎದ್ದು ಬರುತ್ತೆ. ಫೋನ್ ಮಾಡು."

ತಮ್ಮ ಫೋನೆತ್ತಿ ಖುಷಿಯಾಗಿಯೇ ಮಾತಾಡಿದ. "ಅಣ್ಣ, ನಿನ್ನ ಮಾತ್ರೆ ಬಹಳ ಚೆನ್ನಾಗಿತ್ತು. ಎರಡು ದಿನದಲ್ಲಿ ಜ್ವರ ಇಳೀತು. ಮೊನ್ನೆಯಿಂದ ಮತ್ತೆ ಬರ್ತಿದೆ. ಪಾಪುಗೂ ಮೈ ಬಿಸಿ. ಇನ್ನೂ ನಾಲ್ಕು ಉಳಿದಿದೆ, ಅವಳಿಗೂ ಅರ್ಧ ಮುರಿದು ಕೊಡೋಣ ಅಂತಿದ್ವಿ."

ದರ್ಜಿ ಮಂಚದ ಮೇಲೆ ಎದ್ದು ಕೂತ. ತಮ್ಮನ ಮಗಳು ಆ ಪಾಪುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

"ಕೊಡಬೇಡ ಕಣೋ. ಈಗಲೇ ಅವಳನ್ನ ಎತ್ತಿಕೊಂಡು ಆಸ್ಪತ್ರೆಗೆ ಹೋಗು. ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ."

"ಅಷ್ಟಕ್ಕೆಲ್ಲ ಗಾಬರಿ ಯಾಕಣ್ಣ? ನಮಗೆ ಅಭ್ಯಾಸ ಇದೆ."

"ಪಾಪುಗೂ ಅಭ್ಯಾಸ ಇದೆಯೇನೋ?" ದರ್ಜಿ ದನಿ ಏರಿಸಿದ. "ಅಭ್ಯಾಸ ಇದೆ ಅಂದ ನಾನು ಆಸ್ಪತ್ರೆ ಮಂಚದ ಮೇಲಿಂದ ಮಾತಾಡ್ತಿದೀನಿ. ನನ್ನ ಮಗಳೇ ನನಗೆ ಗುರುತು ಸಿಗಲಿಲ್ಲ. ನಾನು ಕೊಟ್ಟಿದ್ದು ತಪ್ಪು, ತಮ್ಮ. ಹೋಗು. ಫೋನ್ ಇಡಬೇಡ, ನೀನು ಹೋಗೋದು ನನಗೆ ಕೇಳಬೇಕು."

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು, ಮಗು ಅತ್ತಿತು, ಬೈಕು ಹೊರಟಿತು. ದರ್ಜಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಸಂಜೆ ಸುದ್ದಿ ಬಂತು: ಇಬ್ಬರಿಗೂ ಮಲೇರಿಯಾ, ಇಬ್ಬರಿಗೂ ಔಷಧಿ ಶುರುವಾಗಿದೆ. ಮಗುವನ್ನು ಸರಿಯಾದ ಹೊತ್ತಿಗೆ ತಂದಿರಿ ಎಂದರಂತೆ ಡಾಕ್ಟರು.

ಹೊರದೇಶಕ್ಕೆ ಹೊರಟವರೇ, ಅಲ್ಲಿ ಮಲೇರಿಯಾ ಇದೆಯೇ ಎಂದು ಟಿಕೆಟ್ ತೆಗೆದಾಗಲೇ ಡಾಕ್ಟರನ್ನು ಕೇಳಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬೇಡಿ. ಕೊಟ್ಟ ಮಾತ್ರೆಯನ್ನು ಕೊನೆಯದರವರೆಗೂ ನುಂಗಿ. ಸಂಜೆಯಿಂದ ಬೆಳಗಿನವರೆಗೆ ತುಂಬುತೋಳಿನ ಬಟ್ಟೆ, ಸೊಳ್ಳೆ ಮುಲಾಮು, ಪರದೆ ಬಿಡಬೇಡಿ. ಬಸುರಿಯರು, ಪುಟ್ಟ ಮಕ್ಕಳು ಜೊತೆಗಿದ್ದರೆ ಇನ್ನಷ್ಟು ಎಚ್ಚರವಿರಲಿ. ವಾಪಸು ಬಂದು ವಾರವಾಗಲಿ, ತಿಂಗಳುಗಳೇ ಆಗಿರಲಿ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಯಾವ ದೇಶಕ್ಕೆ ಹೋಗಿದ್ದಿರಿ ಎಂದು ಡಾಕ್ಟರು ಕೇಳುವ ಮುಂಚೆಯೇ ಹೇಳಿ. ಹುಟ್ಟಿದೂರಿಗೇ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ನಿಮ್ಮವರಿಗೆ ಜ್ವರ ಬಂದರೆ ನಿಮ್ಮ ಮಾತ್ರೆ ಕೊಡಬೇಡಿ, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ.