ದಾಟಿಸೋ ಅಕ್ಕ

“ಸಾಕು ಬಿಡಿ ಭಾವ, ಅದೆಷ್ಟು ಸಲ ತೀಡ್ತೀರಿ?” ಎನ್ನುತ್ತ ನಾದಿನಿ ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದಳು.

ಇಸ್ತ್ರಿಯವನು ಕೊಡಲಿಲ್ಲ. ಬಿಳಿ ಬೆಡ್‌ಶೀಟಿನ ಒಂದು ಮೂಲೆಯಲ್ಲಿ ಇನ್ನೂ ಸುಕ್ಕಿತ್ತು. ಊರು ನೋಡಲು ಬಂದ ಯಾರ‍್ಯಾರೋ ಒಂದು ರಾತ್ರಿ ಹೊರಳಾಡಿ ಮುದ್ದೆ ಮಾಡಿ ಎಸೆದುಹೋಗುವ ಬಟ್ಟೆಗೇ ಮೂವತ್ತು ವರ್ಷ ಒಂದು ಗೆರೆ ಉಳಿಸದವನು, ಹೆಂಡತಿಗೆ ಹೊದಿಸುವುದಕ್ಕೆ ಸುಕ್ಕು ಬಿಟ್ಟಾನೆಯೇ?

“ಕಿಟಕಿಯಾದ್ರೂ ತೆಗೀಲಾ? ಒಳಗೆ ಉಸಿರು ಕಟ್ತಿದೆ.”

“ಬೇಡಮ್ಮ. ಆ ಗಾಡಿಗಳ ಸದ್ದು ಕೇಳೋಕಾಗಲ್ಲ.”

ಮಹಡಿಯ ಮೇಲೆ ಇರುವುದು ಒಂದೇ ಕೋಣೆ. ಒಂದು ಗೋಡೆಗೆ ಹೋಟೆಲಿನ ಬಟ್ಟೆಯ ರಾಶಿ, ಇನ್ನೊಂದು ಗೋಡೆಗೆ ಇಸ್ತ್ರಿಯ ಮೇಜು, ನಡುವೆ ಶವಪೆಟ್ಟಿಗೆಯಲ್ಲಿ ಅವಳು. ಬಂದವರು ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ನಿಂತಿದ್ದರು. ಅಷ್ಟೇನೂ ಜನ ಬಂದಿರಲಿಲ್ಲ. ನಾದಿನಿ ಕೆಳಗೆ ಇಣುಕಿ ನೋಡಿ ಬಂದಳು.

“ಹೋಟೆಲಿನವರೆಲ್ಲ ಆ ಕಡೆ ನಿಂತಿದ್ದಾರಂತೆ ಭಾವ. ಅರ್ಧ ಗಂಟೆ ಆಯ್ತಂತೆ. ರಸ್ತೆ ದಾಟೋಕಾಗ್ತಿಲ್ಲವಂತೆ.”

“ಹೇಗೆ ದಾಟ್ತಾರೆ? ದಾಟಿಸೋಳು ಇಲ್ಲಿ ಮಲಗಿದ್ದಾಳಲ್ಲ,” ಎಂದು ಮೆಟ್ಟಿಲ ಮೇಲಿನ ಮುದುಕಿಯೊಬ್ಬಳು ನಗಲು ಹೋಗಿ ಅತ್ತುಬಿಟ್ಟಳು.

ದಾಟಿ ಬಂದವನು ಹೋಟೆಲಿನ ವಾಚ್‌ಮನ್ ಒಬ್ಬನೇ. ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದಿದ್ದ, ಏದುಸಿರು ಇನ್ನೂ ನಿಂತಿರಲಿಲ್ಲ. ಮೊನ್ನೆ ಸಂಜೆ ಐದೂವರೆಗೆ ಹೋಟೆಲಿನ ಗೇಟಿನಲ್ಲಿದ್ದು ಎಲ್ಲವನ್ನೂ ಕಣ್ಣಾರೆ ಕಂಡವನೂ ಅವನೇ.

“ಅಣ್ಣ, ಪೊಲೀಸರ ಹತ್ರ ಮತ್ತೆ ಹೋಗಿದ್ದೆ,” ಎಂದ. “ಆ ಹುಡುಗ ಬೈಕಿನ ಮುಂದಿನ ಚಕ್ರ ಗಾಳೀಲಿ ಎತ್ಕೊಂಡು ಬಂದ, ಹಿಂದೆ ಕೂತವಳು ವಿಡಿಯೋ ಮಾಡ್ತಿದ್ಳು ಅಂತ ಹೇಳ್ದೆ. ಅದೆಲ್ಲ ಬಿಡು, ಹೆಂಗಸು ನಡುರಸ್ತೇಲಿ ನಿಂತಿದ್ಳೋ ಇಲ್ವೋ ಅಷ್ಟು ಹೇಳು ಅಂದ್ರು. ನಿಂತಿದ್ರು ಅಂದೆ. ಸುಳ್ಳು ಹೇಳೋಕಾಗುತ್ತಾ? ‘ನಡೆಯುವವಳದೇ ಅಜಾಗರೂಕತೆ’ ಅಂತ ಬರ‍್ಕೊಂಡ್ರು. ಆ ಹುಡುಗ ನಿನ್ನೇನೇ ವಿಮಾನ ಹತ್ತಿದ್ನಂತೆ.”

“ನಮ್ಮಕ್ಕ ಅಜಾಗರೂಕಳಾ?” ನಾದಿನಿಯ ದನಿ ಏರಿತು. “ಈ ಬೀದಿಗೆ ಬೀದಿನೇ ದಾಟಿಸ್ದೋಳು!”

“ಅದೇ ನನಗೂ ಅರ್ಥ ಆಗ್ತಿಲ್ಲ ತಾಯಿ. ದಿನಾ ನಡೀತಾ ನಡೀತಾನೇ ಒಂದ್ಸಲ ಹಿಂದಕ್ಕೆ ಕತ್ತು ಹೊರಳಿಸಿ ನೋಡೋರು. ಮೊನ್ನೆ ನಿಂತೇಬಿಟ್ರು. ಹಿಂದೆ ತಿರುಗಿ ನೋಡ್ತಾ ನಿಂತ್ರು. ಏನು ನೋಡಿದ್ರೋ!”

“ಏನಾದ್ರೂ ಮರೆತು ಹೋಗಿದ್ಳಾ ಭಾವ?”

ಇಸ್ತ್ರಿಯವನು ಇಲ್ಲವೆಂದು ತಲೆಯಾಡಿಸಿದ. ಎರಡು ದಿನದಿಂದ ಅವನ ತಲೆ ಕೊರೆಯುತ್ತಿದ್ದದ್ದು ಇದೊಂದೇ. ಸತ್ತಳು ಎಂಬುದಾದರೂ ಹೇಗೋ ತಲೆಗೆ ಹೋಗಿತ್ತು. ನಿಂತಳು ಎಂಬುದು ಹೋಗುತ್ತಿರಲಿಲ್ಲ.

*

ಅವಳದು ಒಂದೇ ಪಾಠ. “ಓಡಬಾರದು, ನಿಲ್ಲಬಾರದು. ಒಂದೇ ನಡಿಗೆ. ಓಡಿದ್ರೆ ಅವರಿಗೆ ಲೆಕ್ಕ ತಪ್ಪುತ್ತೆ, ನಿಂತ್ರೆ ನಮಗೆ ಧೈರ್ಯ ತಪ್ಪುತ್ತೆ.”

ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ ಅವಳು ಹೊರಡುತ್ತಿದ್ದಳು. ತಲೆಯ ಮೇಲೆ ಇಸ್ತ್ರಿಯಾದ ಬಟ್ಟೆಯ ಗಂಟು, ಬಲಗೈಯಲ್ಲಿ ಬಿಳಿಯ ದಿಂಬಿನ ಕವರು. ಅದನ್ನು ಪಟಪಟನೆ ಒದರಿ ಎತ್ತಿ ಹಿಡಿದರೆ ಎಂಥ ಪುಂಡನೂ ಒಂದು ಗಳಿಗೆ ಬ್ರೇಕು ಮುಟ್ಟುತ್ತಿದ್ದ. ಬಾರುಗಳ ಬೀದಿ ಅದು. ಸಂಜೆಯಾದರೆ ಬಾಡಿಗೆ ಬೈಕು ಹತ್ತಿದವರಿಗೆ ಮೈಮೇಲೆ ದೆವ್ವ ಬಂದಂತೆ. ರಸ್ತೆ ದಾಟಲು ಬಿಳಿ ಪಟ್ಟೆ ಹೊಡೆಸಿ ಎಂದು ಅರ್ಜಿ ಕೊಟ್ಟು ಕೊಟ್ಟು ಬೀದಿಯವರಿಗೆ ಸಾಕಾಗಿತ್ತು. ಆಮೇಲಾಮೇಲೆ ಅವಳನ್ನೇ ಕಾಯತೊಡಗಿದರು. ಮಾಣಿಗಳು, ಕೂಸು ಹೊತ್ತ ತಾಯಂದಿರು, ದಾರಿ ತಪ್ಪಿದ ಪ್ರವಾಸಿಗಳು, ಎಲ್ಲರೂ ಐದು ಇಪ್ಪತ್ತಕ್ಕೇ ಬಂದು ಸಾಲು ನಿಲ್ಲುತ್ತಿದ್ದರು. ಅವಳಿಗೆ ದಾಟಿಸೋ ಅಕ್ಕ ಎಂದೇ ಹೆಸರಾಯಿತು.

“ಮಂತ್ರಿಗೂ ಇಷ್ಟು ಜನ ಹಿಂದೆ ಬರಲ್ಲ ಕಣ್ರೀ,” ಎಂದು ಮನೆಗೆ ಬಂದು ಜಂಬ ಕೊಚ್ಚುತ್ತಿದ್ದಳು. ಮಂಡಿ ಕೆಟ್ಟ ಮೇಲೆ ಅವನು ಹನ್ನೊಂದು ವರ್ಷದಿಂದ ಆ ರಸ್ತೆಗೆ ಇಳಿದವನೇ ಅಲ್ಲ. ಅದಕ್ಕೂ ಮುಂಚೆ ದಾಟುತ್ತಿದ್ದಾಗಲೂ ಹಿಂದೆ ತಿರುಗಿ ನೋಡಿದವನಲ್ಲ.

“ಇವತ್ತು ನಾನು ಹೋಗ್ತಿದ್ದ ಹಾಗೇ ಆಕಳಿಸಿದ್ರಿ, ಅಲ್ವಾ?” ಎಂದು ಒಮ್ಮೊಮ್ಮೆ ಕಣ್ಣು ಮಿಟುಕಿಸುತ್ತಿದ್ದಳು.

“ನಿಂಗೆ ಹೇಗೇ ಗೊತ್ತು?”

“ನಂಗೆ ಎಲ್ಲಾ ಕಡೆ ಕಣ್ಣಿದೆ.”

ಕಿಟಕಿಯ ಪಕ್ಕದ ಮೇಜಿನಿಂದ ತಲೆ ಎತ್ತಿದರೆ ಅವನ ಕಣ್ಣಿಗೆ ಬೀಳುತ್ತಿದ್ದದ್ದು ಕೆಳಗಿನ ಅಂಗಡಿಗಳ ಬೋರ್ಡುಗಳ ಬೆನ್ನು, ಅವುಗಳ ಮೇಲೊಂದು ತುಂಡು ಆಕಾಶ. ಸುಮ್ಮನೆ ಅಂದಾಜಿನ ಮೇಲೆ ಹೇಳ್ತಾಳೆ, ಕಿಲಾಡಿ, ಅಂದುಕೊಳ್ಳುತ್ತಿದ್ದ.

*

ಪೆಟ್ಟಿಗೆ ಮೆಟ್ಟಿಲಿಳಿಯುವಷ್ಟರಲ್ಲಿ ಐದು ದಾಟಿತ್ತು. ಸ್ಮಶಾನದ ವ್ಯಾನು ಆಚೆ ಬದಿಯಲ್ಲಿ, ಹೋಟೆಲಿನ ಮುಂದೆ ನಿಂತಿತ್ತು. ಈ ಬದಿಯಲ್ಲಿ ನಿಲ್ಲಿಸೋಣವೆಂದರೆ ಉದ್ದಕ್ಕೂ ಬಾಡಿಗೆ ಬೈಕುಗಳು. ಆರಕ್ಕೆ ಗೇಟು ಹಾಕುತ್ತೇವೆಂದು ಸ್ಮಶಾನದವರು ಎರಡು ಸಲ ಫೋನು ಮಾಡಿದ್ದರು.

ಮುಂದಿನ ಎಡಮೂಲೆಗೆ ಹೆಗಲು ಕೊಟ್ಟವನು ಕೆಳಗಿನ ಬೈಕ್ ಬಾಡಿಗೆ ಅಂಗಡಿಯವನು. ಮೊನ್ನೆ ಅವಳಿಗೆ ಗುದ್ದಿದ ಗಾಡಿಯೂ ಅವನದೇ. ಬೇಡ ಎಂದು ನಾದಿನಿ ಅಡ್ಡ ನಿಂತಿದ್ದಳು. ಹೊರಲು ನಾಲ್ಕನೆಯವರು ಬೇರೆ ಯಾರೂ ಇರಲಿಲ್ಲ.

“ಅಣ್ಣ, ದಾರಿಗೆ ಅಂತ ನಾಲ್ಕು ಗಾಡಿ ಸರಿಸಿದ್ದೀನಿ,” ಎಂದ ಅವನು, ತಗ್ಗಿದ ದನಿಯಲ್ಲಿ. “ನನ್ನದೇನಿದೆ ಹೇಳಿ? ಕೊಡುವಾಗ ಎಲ್ಲರಿಗೂ ಮೆಲ್ಲಗೆ ಹೋಗಿ ಅಂತಲೇ ಹೇಳ್ತೀನಿ. ಅವನ ಲೈಸೆನ್ಸಿನ ಜೆರಾಕ್ಸ್ ಕೂಡ ನನ್ನ ಹತ್ರ ಇದೆ.”

“ಉಪ್ಪಿನಕಾಯಿ ಹಾಕ್ಕೋ ಅದನ್ನ,” ಎಂದಳು ನಾದಿನಿ.

ಆಗಲೇ ಚಡ್ಡಿ ತೊಟ್ಟ ಇಬ್ಬರು ಬಂದು ಸಾಲಿನ ಕೊನೆಯ ಕೆಂಪು ಬೈಕನ್ನು ತೋರಿಸಿ ಏನೋ ಕೇಳಿದರು. ಅವನು ಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸಲಿಲ್ಲ. ಬಿಡುವಾಗಿದ್ದ ಕೈಯನ್ನು ಜೇಬಿಗೆ ಹಾಕಿ ಕೀಲಿ ತೆಗೆದು ಕೊಟ್ಟ. ಇಸ್ತ್ರಿಯವನು ನೋಡಿದ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

*

ಮೊನ್ನೆ ಮಧ್ಯಾಹ್ನ ಮೂರಕ್ಕೇ ಶುರುವಾಗಿತ್ತು. ಸೈಲೆನ್ಸರ್ ಕಿತ್ತ ಬೈಕುಗಳು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ, ಪಂದ್ಯವೋ ಏನೋ. ಕಿಟಕಿಯ ಮರದ ಬಾಗಿಲು ಗದಗದ ನಡುಗುತ್ತಿತ್ತು. ಆ ಗದ್ದಲದಲ್ಲಿ ಅವನ ಗಮನ ತಪ್ಪಿ ಒಂದು ದಿಂಬಿನ ಕವರು ಸುಟ್ಟಿತು. ಅವನ ಕೈಯಲ್ಲಿ ಬಟ್ಟೆ ಸುಟ್ಟದ್ದೆಂದರೆ ಅಪರೂಪ. ಥೂ ಎಂದು ಹೋಗಿ ಕಿಟಕಿಯ ಎರಡೂ ಬಾಗಿಲು ಮುಚ್ಚಿ ಅಗಳಿ ಜಡಿದ. ಮೇಜನ್ನೂ ಎಳೆದು ಒಳಗಿನ ಗೋಡೆಗೆ ಹಾಕಿಕೊಂಡ. ಆ ಮನೆಗೆ ಬಂದ ಮೇಲೆ ಹಗಲು ಹೊತ್ತಿನಲ್ಲಿ ಆ ಕಿಟಕಿ ಮುಚ್ಚಿದ್ದು ಅದೇ ಮೊದಲು.

ಅವಳು ಆಗ ಹಿತ್ತಲ ನಲ್ಲಿಯಲ್ಲಿ ಬಟ್ಟೆ ಜಾಲಿಸುತ್ತಿದ್ದಳು. ಐದೂವರೆಗೆ, ಅವನು ಕಟ್ಟಿ ಮೆಟ್ಟಿಲ ಬುಡಕ್ಕೆ ತಂದಿಟ್ಟ ಗಂಟನ್ನು ಹಾಗೇ ತಲೆಗೇರಿಸಿ, “ಹೋಗ್ಬರ್ತೀನ್ರೀ,” ಎಂದು ಕೂಗಿದಳು. ಮೇಲೆ ಬರಲಿಲ್ಲ. ಬೈಕುಗಳ ಸದ್ದಿನಲ್ಲಿ ಅವನು ಹೂಂ ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

*

ರಸ್ತೆಯ ಅಂಚಿನಲ್ಲಿ ಪೆಟ್ಟಿಗೆ ನಿಂತೇ ಇತ್ತು. ವಾಚ್‌ಮನ್ ಎರಡು ಸಲ ಇಳಿದು ಎರಡು ಸಲವೂ ಹಿಂದಕ್ಕೆ ನೆಗೆದ. ಆಚೆ ಬದಿಯಲ್ಲಿ ಹೋಟೆಲಿನವರು ಹೂವು ಹಿಡಿದು ನಿಂತಿದ್ದರು. ಅವರ ಮತ್ತು ಇವರ ನಡುವೆ ಗಾಡಿಗಳು, ಬಿಡುವೇ ಇಲ್ಲದೆ. ಹೊತ್ತವರು ಹೆಗಲು ಬದಲಿಸಿದರು.

“ಐದೂವರೆ ಆಯ್ತು ಭಾವ,” ಎಂದಳು ನಾದಿನಿ.

ಇಸ್ತ್ರಿಯವನು ಜೇಬಿನಿಂದ ಮಡಿಸಿದ ದಿಂಬಿನ ಕವರು ತೆಗೆದ. ಯಾಕೆ ಇಟ್ಟುಕೊಂಡು ಬಂದಿದ್ದನೋ ಅವನಿಗೇ ತಿಳಿಯದು. ಒದರಿದ, ಎತ್ತಿ ಹಿಡಿದ, ಇಳಿದ. “ಅಯ್ಯೋ ಭಾವ, ನಿಮ್ಮ ಮಂಡಿ!” ಎಂದು ಅವಳು ಕೂಗುವಷ್ಟರಲ್ಲಿ ನಾಲ್ಕು ಹೆಜ್ಜೆ ಹೋಗಿಬಿಟ್ಟಿದ್ದ. ಓಡಬಾರದು, ನಿಲ್ಲಬಾರದು. ಒಂದು ಬೈಕು ಕಿರ್ರೆಂದು ನಿಂತಿತು. ಅದರ ಹಿಂದಿನದೂ ನಿಂತಿತು. ಒಂದಿಷ್ಟು ಜಾಗವಾಯಿತು.

ಆಚೆ ಬದಿಯಲ್ಲಿ ಐಸ್‌ಕ್ರೀಮು ಹಿಡಿದು ಕಾಯುತ್ತಿದ್ದ ಪ್ರವಾಸಿಗಳು ಅದನ್ನು ಕಂಡರು. ದಾಟಿಸುವವನು ಬಂದನೆಂದು ಹತ್ತು ಹನ್ನೆರಡು ಮಂದಿ ಗುಂಪಾಗಿ ಇಳಿದು ಈ ಕಡೆಗೆ ನುಗ್ಗಿದರು. ಒಬ್ಬಳು ಅವನಿಗೆ ನಕ್ಕು ಕೈ ಮುಗಿದಳು. ಅವರು ದಾಟಿ ಮುಗಿಯುವುದರೊಳಗೆ ಗಾಡಿಗಳು ಮತ್ತೆ ಹೊರಟವು. ಪೆಟ್ಟಿಗೆ ಇದ್ದಲ್ಲೇ ಇತ್ತು.

ಅವನು ನಡುರಸ್ತೆಯಲ್ಲಿದ್ದ. ಈಗಲೇ ಬನ್ನಿ ಎಂದು ಹೊತ್ತವರನ್ನು ಕರೆಯಲು ಹಿಂದೆ ತಿರುಗಿದ.

ಬೈಕ್ ಬಾಡಿಗೆಯ ಬೋರ್ಡು. ಪಕ್ಕದಲ್ಲಿ ಬಾರಿನ ಬೋರ್ಡು. ಎರಡರ ನಡುವೆ ಎರಡು ಮೊಳದ ಸಂದಿ. ಆ ಸಂದಿಯಲ್ಲಿ ಮಹಡಿಯ ಮೇಲೆ ತನ್ನ ಮನೆಯ ಕಿಟಕಿ. ಮೂವತ್ತು ವರ್ಷ ತಾನು ತಲೆ ತಗ್ಗಿಸಿ ನಿಂತ ಜಾಗ ಇಲ್ಲಿಂದ ಅಂಗೈಯಷ್ಟು ಸ್ಪಷ್ಟವಾಗಿ ಕಾಣುವಂತಿತ್ತು; ಅಲ್ಲಿ ಒಬ್ಬ ಮನುಷ್ಯ ನಿಂತು ಆಕಳಿಸಿದರೆ ಗೊತ್ತಾಗುವಷ್ಟು.

ಕಿಟಕಿಯ ಎರಡೂ ಬಾಗಿಲು ಮುಚ್ಚಿದ್ದವು.

“ಅಣ್ಣಾ, ಬರೋದಾ? ಕೈ ಮಾಡಿ ಅಣ್ಣಾ!” ಎಂದು ಹೊತ್ತವರು ಕೂಗಿದರು.

“ನಿಲ್ಲಬೇಡಿ ಭಾವ! ನಡೀರಿ!” ನಾದಿನಿ ಚೀರಿದಳು.

ಗಾಡಿಗಳು ಅವನ ಎರಡೂ ಪಕ್ಕದಿಂದ ಹಾರನ್ನು ಒತ್ತುತ್ತ ಹೋಗುತ್ತಿದ್ದವು. ಎತ್ತಿದ ಕೈಯಲ್ಲಿ ಬಿಳಿ ಕವರು ಗಾಳಿಗೆ ಪಟಪಟಿಸುತ್ತಿತ್ತು. ಅವನು ಹಿಂದೆ ತಿರುಗಿದವನು ಹಾಗೇ ನಿಂತಿದ್ದ, ಕಿಟಕಿಯನ್ನೇ ನೋಡುತ್ತ.