ಪಾಸ್ಟರ್ ಬಾಯಲ್ಲಿ ಜಾಗ ಸಿಗದ ಹಲ್ಲು

ಇದು ನಡೆದದ್ದೇ. ಸುಳ್ಳಾದರೆ ನನ್ನ ಬಾಯಲ್ಲಿ ಅಳಿದುಳಿದ ಹಲ್ಲೆಲ್ಲ ಈಗಲೇ ಉದುರಿ ನಿಮ್ಮ ಕಾಲ ಬಳಿ ಬೀಳಲಿ. ನೋಡಿ, ಬಿತ್ತೇ? ಬೀಳಲಿಲ್ಲ. ಅಂದಮೇಲೆ ಕೇಳಿ.

ಒಬ್ಬ ಪಾಸ್ಟರ್ ಇದ್ದರು. ಅವರ ಗಂಟಲು ಎಂಥದ್ದೆಂದರೆ, ಪೀಠದ ಮೇಲೆ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ನಿಂತು ಸುಮ್ಮನೆ ಕೆಮ್ಮಿದರೂ ಸಾಕು, ಚರ್ಚಿನ ಮಾಡಿನಲ್ಲಿದ್ದ ಪಾರಿವಾಳಗಳು ಸಂಸಾರ ಸಮೇತ ಎದ್ದು ಪಕ್ಕದ ಬೀದಿಯ ಅಂಚೆ ಕಚೇರಿಗೆ ಹೋಗಿ ಕೂರುತ್ತಿದ್ದವು. ಒಂದು ಭಾನುವಾರ ಅವರು ‘ಏಳಿರಿ, ಎಚ್ಚರಗೊಳ್ಳಿರಿ’ ಎಂದು ಗುಡುಗಿದ್ದಕ್ಕೆ, ಎದುರಿನ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೆಟ್ಟು ನಿಂತಿದ್ದ ಲಾರಿ ತಾನಾಗಿಯೇ ಸ್ಟಾರ್ಟ್ ಆಯಿತು. ಮೆಕ್ಯಾನಿಕ್‌ನನ್ನು ಕೇಳಿ ನೋಡಿ, ಅವನು ಇವತ್ತಿಗೂ ಆ ಮಾತಿಗೆ ಬದ್ಧ.

ಪಾಸ್ಟರಿಗೆ ಇದ್ದವಳು ಒಬ್ಬಳೇ ತಂಗಿ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಸಾಕಿ ಬೆಳೆಸಿದ್ದು ಇವರೇ. ತೊಡೆಯ ಮೇಲೆ ಕೂರಿಸಿಕೊಂಡು, ಬೈಬಲ್ಲಿನ ಮೊದಲ ಪುಟದ ಮೇಲೆ ಅವಳ ಬೆರಳಿಟ್ಟು ಅಕ್ಷರ ಕಲಿಸಿದ್ದೂ ಇವರೇ. ಆ ಬೆರಳು ಬೆಳೆದು ದೊಡ್ಡದಾಗಿ ಹಲ್ಲು ಕೀಳುವ ಇಕ್ಕಳ ಹಿಡಿಯಿತು. ಊರಿಗೊಬ್ಬಳೇ ಹಲ್ಲಿನ ಡಾಕ್ಟರಮ್ಮ. ಕೈ ಎಷ್ಟು ಹಗುರವೆಂದರೆ, ಹಲ್ಲು ಕಿತ್ತು ತಟ್ಟೆಗೆ ಹಾಕಿ ಕೈ ತೊಳೆದು ಬಂದಮೇಲೂ ಕುರ್ಚಿಯಲ್ಲಿ ಮಲಗಿದವರು, “ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?” ಎನ್ನುತ್ತಿದ್ದರು.

ಭಾನುವಾರಗಳಲ್ಲಿ ಅವಳು ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಡೇ ಸ್ಕೂಲು ನಡೆಸುತ್ತಿದ್ದಳು. ತಕರಾರು ಹುಟ್ಟಿದ್ದು ಅಲ್ಲಿ. ಮುಂದಿನ ಹಲ್ಲು ಬಿದ್ದುಹೋಗಿದ್ದ ಒಂದು ಪುಟಾಣಿ ಹುಡುಗಿ ಎದ್ದು ನಿಂತು, “ಟೀಚರ್, ದೇವರು ಆದಾಮನ್ನ ದೊಡ್ಡೋನಾಗೇ ಮಾಡಿದ್ನಲ್ಲ, ಅವನಿಗೆ ಹಾಲುಹಲ್ಲು ಇತ್ತಾ?” ಎಂದು ಕೇಳಿಬಿಟ್ಟಳು.

ಬೇರೆಯವರಾಗಿದ್ದರೆ ‘ಸುಮ್ನೆ ಕೂತ್ಕೋ’ ಎಂದು ಮುಗಿಸುತ್ತಿದ್ದರು. ಹಲ್ಲಿನ ವಿಷಯದಲ್ಲಿ ಡಾಕ್ಟರಮ್ಮನಿಗೆ ಹಾಗೆಲ್ಲ ಜಾರಿಕೊಳ್ಳಲು ಬಾರದು. “ಗೊತ್ತಿಲ್ಲ ಕಂದ. ಆದ್ರೆ ದೇವರು ನಮ್ಮನ್ನ ಒಂದೇ ಏಟಿಗೆ ಮಾಡಿ ಮುಗಿಸಿದ ಹಾಗೆ ಕಾಣಲ್ಲ. ಮೊದಲು ಸಣ್ಣ ಸಣ್ಣ ಜೀವ, ಆಮೇಲೆ ಮೀನು, ಆಮೇಲೆ ಮೃಗ, ಹಾಗೇ ಬೆಳೆಸ್ತಾ ಬೆಳೆಸ್ತಾ ನಮ್ಮವರೆಗೆ ತಂದ. ಅದಕ್ಕೆ ವಿಕಾಸ ಅಂತಾರೆ. ನಿನ್ನನ್ನೂ ಅಮ್ಮನ ಹೊಟ್ಟೇಲಿ ನಿಧಾನವಾಗೇ ಮಾಡಿದ್ದಲ್ವಾ?” ಎಂದಳು.

ಹುಡುಗಿ ಮನೆಗೆ ಹೋಗುವಷ್ಟರಲ್ಲಿ ಪಾಠ ಕುಗ್ಗಿ ಅಂಗೈಯಗಲ ಆಗಿತ್ತು. “ಅಜ್ಜಿ, ನೀನೂ ಕೋತೀನೂ ನೆಂಟ್ರಂತೆ!”

ಆ ಅಜ್ಜಿ ಸಾಮಾನ್ಯರಲ್ಲ. ಚರ್ಚಿನ ಮುಂದಿನ ಸಾಲು ಅವರದು. ಕೈಯಲ್ಲಿ ಸದಾ ಒಂದು ಕೊಡೆ. ಅದನ್ನು ಅವರು ಮಳೆಗೆ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ, ಜನರ ಕಡೆಗೆ ತೋರಿಸಿದ್ದನ್ನು ಎಲ್ಲರೂ ಕಂಡಿದ್ದಾರೆ. ಕೊಡೆ ಪಾಸ್ಟರ ಬಾಗಿಲು ಬಡಿಯಿತು. ಪಾಸ್ಟರ್ ತಂಗಿಯನ್ನು ಕರೆಸಿದರು.

“ಪುಟ್ಟಿ, ನೀನು ಹೀಗೆ ಹೇಳಿದ್ದು ನಿಜಾನಾ?”

“ಕೋತಿ ಅಂತ ಹೇಳಲಿಲ್ಲ ಅಣ್ಣ. ಕೇಳಿದ್ರೆ ಇಲ್ಲ ಅಂತಾನೂ ಹೇಳ್ತಿರಲಿಲ್ಲ.”

“ಆರು ದಿನದಲ್ಲಿ ಸೃಷ್ಟಿ ಆಯ್ತು ಅಂತ ಬರೆದಿದೆ! ನಾನೇ ನಿನಗೆ ಓದೋಕೆ ಕಲಿಸಿದ್ದು!”

“ಅದಕ್ಕೇ ಅಣ್ಣ. ಸೂರ್ಯ ಬಂದಿದ್ದು ನಾಲ್ಕನೇ ದಿನ ಅಂತಾನೂ ನೀನೇ ಅಲ್ಲಿ ಓದಿಸಿದ್ದೆ. ಸೂರ್ಯನೇ ಇಲ್ಲದಾಗ ದಿನಾನ ಯಾವ ಗಡಿಯಾರದಲ್ಲಿ ಅಳೆದ್ರು?”

ಉತ್ತರ ತೋಚದ ಅಣ್ಣಂದಿರೆಲ್ಲ ಮಾಡುವುದನ್ನೇ ಪಾಸ್ಟರೂ ಮಾಡಿದರು, ದನಿ ಏರಿಸಿದರು. ಕಿಟಕಿಯ ಗಾಜು ನಡುಗಿತು. ಸಂಡೇ ಸ್ಕೂಲಿನ ಬೀಗದ ಕೈ ಕೊಟ್ಟು ಹೋಗು ಎಂದರು. ಅವಳು ಮೇಜಿನ ಮೇಲಿಟ್ಟು ಹೊರಟುಹೋದಳು. ಆಮೇಲೆ ಚರ್ಚಿನಲ್ಲಿ ಅವಳು ಕೂತದ್ದು ಕೊನೆಯ ಬೆಂಚಿನಲ್ಲಿ. ಅಣ್ಣ ತಂಗಿ ಮಾತು ಬಿಟ್ಟರು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಅಜ್ಜಿಯ ಕೊಡೆ ಸುಮ್ಮನಿರಲಿಲ್ಲ. ಕೊನೆಗೆ ಪಾಸ್ಟರ್ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಬರೆಸಿದರು: ‘ಬರುವ ಭಾನುವಾರದ ಪ್ರಸಂಗ: ವಿಕಾಸವನ್ನು ಒಪ್ಪಿದವರು ದೇವರ ವಾಕ್ಯಕ್ಕೆ ನಿಷ್ಠರಾಗಿರಬಲ್ಲರೇ?’ ಉತ್ತರ ಏನೆಂದು ಬೀದಿಯ ನಾಯಿಗೂ ಗೊತ್ತಿತ್ತು. ಪಾಸ್ಟರ್ ಆ ಪೀಠದಲ್ಲಿ ನಿಂತು ‘ಇಲ್ಲ’ ಎಂದಮೇಲೆ, ಡಾಕ್ಟರಮ್ಮನಿಗೆ ಕೊನೆಯ ಬೆಂಚೂ ಉಳಿಯುವಂತಿರಲಿಲ್ಲ. ಪಾಸ್ಟರಿಗೂ ಅದು ಗೊತ್ತಿತ್ತು. ಪ್ರಸಂಗ ಬರೆಯಲು ಕೂತರೆ ಪೆನ್ನಿಗೆ ಲಕ್ವ ಹೊಡೆದಂತಾಗುತ್ತಿತ್ತು. ತೊಡೆಯ ಮೇಲೆ ಯಾರೋ ಕೂತಷ್ಟು ಭಾರ.

ದೇವರಿಗೆ ತಮಾಷೆ ಎಂದರೆ ಬಲು ಇಷ್ಟ. ಸೋಮವಾರ ಪಾಸ್ಟರ ದವಡೆಯ ತುದಿಯಲ್ಲಿ, ಇಷ್ಟು ವರ್ಷ ಒಳಗೇ ಮಲಗಿದ್ದ ಬುದ್ಧಿಹಲ್ಲು ಮಗ್ಗುಲು ಬದಲಿಸಿತು. ಬಲಗೆನ್ನೆ ಊದಿತು ನೋಡಿ, ಎಂಥ ಊತ! ಅವರು ಮನೆಯಿಂದ ಹೊರಟರೆ ಮೊದಲು ಕೆನ್ನೆ ಬೀದಿಯ ತಿರುವು ದಾಟುತ್ತಿತ್ತು, ಆಮೇಲೆ ಪಾಸ್ಟರ್ ಬರುತ್ತಿದ್ದರು. ಬಾಯಿ ಒಂದು ಬೆರಳಿನಷ್ಟೂ ತೆರೆಯದು. ಉಪ್ಪುನೀರು ಮುಕ್ಕಳಿಸಿದರು, ಲವಂಗ ಕಚ್ಚಿದರು, ಟವೆಲು ಕಟ್ಟಿಕೊಂಡರು. ಮರುದಿನ ಅವರ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ಭಾನುವಾರ ಏನು, ಕೈಸನ್ನೆಯಲ್ಲಿ ಪ್ರಸಂಗ ಮಾಡ್ತೀರಾ? ನಡೀರಿ ನಾದಿನಿ ಹತ್ರ.”

“ಉಹುಂ.”

“ಬೇಡ್ವಾ? ಸರಿ, ಆ ಗ್ಯಾರೇಜಿನವನ ಹತ್ರ ಸ್ಪ್ಯಾನರ್ ಇದೆ, ಕರೀಲಾ?”

ಪಾಸ್ಟರ್ ಚಪ್ಪಲಿ ಮೆಟ್ಟಿದರು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಟೈಲರ್ ಒಬ್ಬ ಸರದಿಗೆ ಕಾದು ಕೂತಿದ್ದ. ಪಾಸ್ಟರ ಕೆನ್ನೆ ನೋಡಿ ಜಾಗ ಬಿಟ್ಟುಕೊಟ್ಟ. “ಹೆದರ್ಕೋಬೇಡಿ ಪಾಸ್ಟರೇ. ಡಾಕ್ಟರಮ್ಮ ಮೊದಲು ಪ್ರಾರ್ಥನೆ ಮಾಡ್ತಾರೆ. ನಾನು ದೇವರು ಗೀವರು ನಂಬೋನಲ್ಲ, ನಿಮಗೂ ಗೊತ್ತು. ಆದ್ರೂ ಹೇಳ್ತೀನಿ, ಆ ಪ್ರಾರ್ಥನೆ ಆಗೋವರೆಗೂ ನಾನಂತೂ ಬಾಯಿ ಬಿಡಲ್ಲ.”

ಪಾಸ್ಟರಿಗೆ ಇದು ಹೊಸ ಸುದ್ದಿ. ಪ್ರತಿಯೊಬ್ಬರಿಗೂ? ಟೈಲರನಿಗೂ? ತಾವು ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಈ ಟೈಲರ್ ಚರ್ಚಿನ ಮೆಟ್ಟಿಲು ತುಳಿದಿರಲಿಲ್ಲ.

ಒಳಗೆ ಸ್ಪಿರಿಟ್ಟಿನ ವಾಸನೆ, ರೆಕ್ಸಿನ್ ಬಿರಿದ ಕುರ್ಚಿ, ಉಗುಳುವ ಬೋಗುಣಿಯಲ್ಲಿ ನೀರು ಸುತ್ತುವ ಸದ್ದು. ತಂಗಿ ಮಾತಾಡದೆ ಎಕ್ಸ್‌ರೇ ತೆಗೆದು, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದಳು. ಹಲ್ಲುಗಳೆಲ್ಲ ಸಾಲಾಗಿ ನಿಂತಿದ್ದವು. ಕೊನೆಯದು ಮಾತ್ರ, ತುಂಬಿದ ಬಸ್ಸಿಗೆ ಹತ್ತಿ ಅಡ್ಡ ಮಲಗಿದ ಮಹಾರಾಯನಂತೆ, ಪಕ್ಕದವನ ಪಕ್ಕೆಗೆ ತಲೆ ಕೊಟ್ಟು ಮಲಗಿತ್ತು. ಅವಳು ಇಂಜೆಕ್ಷನ್ ಕೊಟ್ಟಳು. ತುಟಿ ಮರಗಟ್ಟಿತು, ಬಿಗಿದಿದ್ದ ದವಡೆ ಸಡಿಲವಾಗಿ ಬಾಯಿ ತೆರೆಯಿತು. ಅವಳು ಪಾಸ್ಟರ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

“ದೇವರೇ, ಈ ಬಾಯಿ ನೀನು ಮಾಡಿದ್ದು. ನನ್ನ ಕೈಯನ್ನ ನೀನು ಹಿಡ್ಕೋ. ಅಣ್ಣನಿಗೆ ನೋವಾಗದ ಹಾಗೆ ನೋಡ್ಕೋ. ಆಮೆನ್.”

ಪಾಸ್ಟರ್ ‘ಆಮೆನ್’ ಎನ್ನಲು ಹೋದರು. ‘ಆಂಎಂ’ ಎಂದಿತು ಬಾಯಿ. ಹಲ್ಲಿನ ಡಾಕ್ಟರುಗಳಿಗೆ ಒಂದು ವಿದ್ಯೆ ಇದೆ: ಬಾಯಿ ತೆರೆದವರು ಬರೀ ಆ, ಊ ಎಂದರೂ ಅವರಿಗೆ ಪೂರ್ತಿ ಅರ್ಥವಾಗುತ್ತದೆ. ಹಾಗಾಗಿ ವಾದ ಸಲೀಸಾಗಿ ನಡೆಯಿತು.

“ನೋಡು ಅಣ್ಣ,” ಎಂದಳು ಕನ್ನಡಿ ಒಳಗಿಟ್ಟು, “ನಮಗಿಂತ ಎಷ್ಟೋ ಹಿಂದಿನವರ ಎಲುಬು ಸಿಕ್ಕಿದೆ. ಅವರ ದವಡೆ ಉದ್ದ, ಈ ಹಲ್ಲಿಗೆ ಆರಾಮಾಗಿ ಜಾಗ ಇತ್ತು. ಬೇಯಿಸಿದ್ದು, ಮೆತ್ತಗಿನದು ತಿಂದು ತಿಂದು ದವಡೆ ಚಿಕ್ಕದಾಯ್ತು. ಹಲ್ಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.”

“ಆ ಊ ಆಆ ಊಂ!”

“ಆದಾಮ ಮಾಡಿದ ಪಾಪದಿಂದ ಅಡ್ಡ ಹುಟ್ಟಿದ್ದು ಅಂತೀಯಾ? ಪಾಪಕ್ಕೆಲ್ಲ ಹಲ್ಲು ಅಡ್ಡ ಬರೋ ಹಾಗಿದ್ರೆ ಈ ಊರಲ್ಲಿ ಯಾರ ಬಾಯಲ್ಲಿ ನೆಟ್ಟಗಿನ ಹಲ್ಲು ಇರ್ತಿತ್ತು? ಅಜ್ಜಿಯ ಕೊಡೆಯೂ ಸೊಟ್ಟ ಆಗ್ತಿತ್ತು.”

ಪಾಸ್ಟರ ಹೊಟ್ಟೆ ಕುಲುಕಿತು. ನಗು ಬಂದದ್ದಕ್ಕೆ ಅವರಿಗೇ ಸಿಟ್ಟು ಬಂತು. ಹುಬ್ಬು ಗಂಟಿಕ್ಕಿ ಮತ್ತೆ, “ಊ ಆ ಏ?” ಎಂದರು.

“ಹಾಗಾದ್ರೆ ದೇವರು ಯಾಕೆ ಬೇಕು ಅಂತೀಯಾ? ಬೇಕೇ ಬೇಕು! ಇದನ್ನೆಲ್ಲ ಓದಿದಾಗಲೇ ನನಗೆ ಅವನ ಮೇಲೆ ಇನ್ನೂ ಬೆರಗಾಗಿದ್ದು. ಎಂಥ ತಾಳ್ಮೆ ಅಣ್ಣ ಅವನಿಗೆ! ನನಗೆ ಒಂದು ಹಲ್ಲು ಕೀಳೋ ಹೊತ್ತಿಗೆ ತಾಳ್ಮೆ ಮುಗಿಯುತ್ತೆ. ಅವನು ಒಂದು ಹಲ್ಲು ಮಾಡೋಕೆ ಎಷ್ಟು ಯುಗ ಕಾದ.”

ಆಮೇಲೆ ಅವಳು ಮಾತು ನಿಲ್ಲಿಸಿ ಕೆಲಸಕ್ಕೆ ಇಳಿದಳು. ಕೊರೆಯುವ ಯಂತ್ರ ಕೊಯ್‌ಗುಟ್ಟಿತು. ಹಲ್ಲನ್ನು ಅಲ್ಲೇ ತುಂಡು ತುಂಡು ಮಾಡಿ, ಒಂದೊಂದೇ ತುಂಡನ್ನು ತಟ್ಟೆಗೆ ಹಾಕತೊಡಗಿದಳು. ಹೊತ್ತು ಹೋಗುತ್ತಲೇ ಇತ್ತು. ಅವಳ ಹಣೆಯ ಬೆವರು ಕನ್ನಡಕದ ಅಂಚಿಗೆ ಇಳಿದಿತ್ತು, ಬೆನ್ನು ಬಿಲ್ಲಿನಂತೆ ಬಾಗಿತ್ತು. ಸೊಂಟ ಹಿಡಿದಿರಬೇಕು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಪಾಸ್ಟರಿಗೆ ಅಚ್ಚರಿಯಾಯಿತು. ಊರವರ ಹಲ್ಲನ್ನು ಇವಳು ಕಣ್ಣು ಮಿಟುಕಿಸುವಷ್ಟರಲ್ಲಿ ಕೀಳುತ್ತಾಳಂತೆ.

“ಆಆ ಇಉ ಒಉ?”

“ಇಷ್ಟು ಹೊತ್ತು ಯಾಕೆ ಅಂತಾನಾ? ಎಲುಬು ಕೆತ್ತಿ ಒಂದೇ ಸಲಕ್ಕೆ ಎಳೆದ್ರೆ ಬೇಗ ಬರುತ್ತೆ. ಆಮೇಲೆ ವಾರಗಟ್ಟಲೆ ಬಾಯಿ ತೆಗೆಯೋಕಾಗಲ್ಲ,” ಎಂದಳು ತಲೆ ಎತ್ತದೆ. “ಭಾನುವಾರ ನೀನು ಮಾತಾಡ್ಬೇಕಲ್ಲ ಅಣ್ಣ.”

ಭಾನುವಾರ ಅವರು ಏನು ಮಾತಾಡುವವರೆಂದು ಅವಳಿಗೆ ಗೊತ್ತಿತ್ತು. ಬೋರ್ಡು ಅವಳ ಕ್ಲಿನಿಕ್ಕಿನ ದಾರಿಯಲ್ಲೇ ಇತ್ತು. ಕೈ ಸ್ವಲ್ಪ ಒರಟಾಗಿಸಿದ್ದರೆ ಸಾಕಿತ್ತು, ಪೀಠ ಮೂಕವಾಗುತ್ತಿತ್ತು, ಯಾರೂ ಅವಳನ್ನು ದೂರುವಂತಿರಲಿಲ್ಲ. ಅವಳು ತನ್ನನ್ನು ಹೊರಗೆ ಹಾಕಲಿರುವ ಬಾಯನ್ನೇ ಸೊಂಟ ನೋಯಿಸಿಕೊಂಡು ರಿಪೇರಿ ಮಾಡುತ್ತಿದ್ದಳು.

ಪಾಸ್ಟರ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು.

“ಅಯ್ಯೋ, ನೋವಾಯ್ತಾ?” ಎಂದು ಅವಳು ಗಾಬರಿಯಾಗಿ ಇನ್ನೊಂದು ಇಂಜೆಕ್ಷನ್ ಚುಚ್ಚಿದಳು. ಪಾಸ್ಟರ್ ಅಲ್ಲ ಅಲ್ಲ ಎಂದು ಕೈಯಾಡಿಸಿದರೂ ಬಿಡಲಿಲ್ಲ. ಅದರ ಪ್ರತಾಪ ಹೇಗಿತ್ತೆಂದರೆ, ಸಂಜೆಯವರೆಗೆ ಅವರ ಬಲಗಿವಿಗೆ ಹೆಂಡತಿ ಬೈದದ್ದೂ ತಿಳಿಯಲಿಲ್ಲ.

ಭಾನುವಾರ ಬಂತು. ಕೆನ್ನೆ ಇಳಿದಿತ್ತು. ಚರ್ಚಿನಲ್ಲಿ ಸೂಜಿ ಮೊನೆಯಷ್ಟೂ ಜಾಗವಿಲ್ಲ. ಕಿಡಿ ಹಾರುವುದನ್ನು ನೋಡಲು ಟೈಲರನೂ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಪಾಸ್ಟರ್ ಪೀಠ ಹತ್ತಿದರು. ಪಾರಿವಾಳಗಳು ಹೊರಡಲು ರೆಕ್ಕೆ ಕೊಡವಿಕೊಂಡವು. ಆದರೆ ಅವತ್ತು ಪಾಸ್ಟರ್ ಕೆಮ್ಮಲಿಲ್ಲ, ಗುಡುಗಲಿಲ್ಲ. ಜೇಬಿನಿಂದ ಒಂದು ಸಣ್ಣ ಗಾಜಿನ ಡಬ್ಬಿ ತೆಗೆದು ಬೈಬಲ್ಲಿನ ಪಕ್ಕ ಇಟ್ಟರು. ಒಳಗೆ ಹಲ್ಲಿನ ತುಂಡುಗಳು.

“ಇದು ನನ್ನ ಹಲ್ಲು,” ಎಂದರು ಮೆಲ್ಲಗೆ. ಜನ ಮುಂದಕ್ಕೆ ಬಾಗಿದರು. “ಇದಕ್ಕೆ ನನ್ನ ಬಾಯಲ್ಲಿ ಯಾಕೆ ಜಾಗ ಇರಲಿಲ್ಲ ಅಂತ ನನ್ನ ತಂಗಿ ಹೇಳಿದಳು. ನಿಜ ಹೇಳ್ತೀನಿ, ಅದೆಲ್ಲ ಇನ್ನೂ ನನ್ನ ಗಂಟಲಲ್ಲಿ ಪೂರ್ತಿ ಇಳಿದಿಲ್ಲ. ಆದ್ರೆ ಬೋರ್ಡಿನ ಮೇಲಿನ ಪ್ರಶ್ನೆ ಅದಲ್ಲ. ಅದನ್ನ ಒಪ್ಪಿದವರು ದೇವರ ವಾಕ್ಯಕ್ಕೆ ನಿಷ್ಠರಾಗಿರ್ತಾರಾ ಅನ್ನೋದು ಪ್ರಶ್ನೆ. ನಿಮಗೆ ಕೇಡು ಮಾಡೋರಿಗೂ ಒಳ್ಳೇದು ಮಾಡಿ ಅನ್ನೋ ಮಾತನ್ನ ಇಲ್ಲಿ ನಿಂತು ನಾನು ಎಷ್ಟು ಸಲ ಕೂಗಿದೀನಿ. ಮಂಗಳವಾರ ಅದನ್ನ ಒಬ್ಬಳು ನನ್ನ ಬಾಯೊಳಗೇ ಮಾಡಿ ತೋರಿಸಿದಳು. ಕೂಗದೇನೆ. ದೇವರು ನಮ್ಮನ್ನ ಮಾಡಿದ ಅನ್ನೋದನ್ನ ಅವಳೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಎಷ್ಟು ಹೊತ್ತಲ್ಲಿ ಮಾಡಿದ ಅನ್ನೋ ಜಗಳಕ್ಕೆ ನಾನು ನನ್ನ ತಂಗೀನ ಬಿಡಲ್ಲ. ಇರಬಲ್ಲರಾ ಅಂದ್ರೆ, ಇರಬಲ್ಲರು. ನಾನು ನೋಡಿದೀನಿ.”

ಮುಂದಿನ ಸಾಲಿನಲ್ಲಿ ಕೊಡೆ ಮೇಲೆದ್ದಿತು.

“ಹಂಗಾದ್ರೆ ಪಾಸ್ಟರೇ, ನಾನು ಕೋತಿ ಕುಲದವಳಾ?”

“ಅಜ್ಜಿ, ದೇವರು ನಿಮ್ಮನ್ನ ಮಣ್ಣಿಂದ ಮಾಡಿದ ಅಂತ ನಾನು ವರ್ಷ ವರ್ಷ ಹೇಳ್ತಾ ಬಂದೆ. ಒಂದು ದಿನಾನೂ ನೀವು ಬೇಜಾರು ಮಾಡ್ಕೊಂಡಿಲ್ಲ. ಕೋತಿ ಅನ್ನೋದು ಮಣ್ಣಿಗಿಂತ ಕೀಳಾ?”

ಅಜ್ಜಿ ಯೋಚಿಸಿದರು. ಕೊನೆಗೆ ಕೊಡೆ ಇಳಿಯಿತು.

“ಇರಲಿ. ಆದ್ರೆ ನಮ್ಮ ಕಡೆಯವು ಮರ್ಯಾದಸ್ಥ ಕೋತಿಗಳೇ ಆಗಿರ್ಬೇಕು.”

ನಗು ಎಷ್ಟು ಜೋರಾಗಿ ಎದ್ದಿತೆಂದರೆ ಎದುರಿನ ಗ್ಯಾರೇಜಿನ ಲಾರಿ ಮತ್ತೆ ಸ್ಟಾರ್ಟ್ ಆಯಿತು. ಪಾಸ್ಟರ್ ಪೀಠ ಇಳಿದು, ನಡುವಿನ ದಾರಿಯಲ್ಲಿ ನಡೆದು, ಕೊನೆಯ ಬೆಂಚಿನ ಬಳಿ ನಿಂತು, ಬೀಗದ ಕೈಯನ್ನು ತಂಗಿಯ ಅಂಗೈಯಲ್ಲಿಟ್ಟರು. ಅವಳು ಅತ್ತಳೋ ನಕ್ಕಳೋ ಹೇಳುವುದು ಕಷ್ಟ. “ಬಾಯಿ ತೆರಿ ನೋಡೋಣ, ಹೊಲಿಗೆ ಬಿಚ್ಚಿಲ್ಲ ತಾನೆ?” ಎಂದಳು ಅಷ್ಟೆ.

ಆವತ್ತಿನ ಸಂಡೇ ಸ್ಕೂಲಿನಲ್ಲಿ ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಪಾಸ್ಟರೂ ಕೂತಿದ್ದರು. ಹಲ್ಲು ಬಿದ್ದ ಹುಡುಗಿ ಬಿಟ್ಟಾಳೆಯೇ? ಎದ್ದು ನಿಂತಳು. “ಟೀಚರ್, ಆದಾಮನಿಗೆ ಹಾಲುಹಲ್ಲು ಇತ್ತಾ ಇಲ್ವಾ?”

ಡಾಕ್ಟರಮ್ಮ ಅಣ್ಣನ ಮುಖ ನೋಡಿದಳು. ಅಣ್ಣ ತಂಗಿಯ ಮುಖ ನೋಡಿದರು. “ಗೊತ್ತಿಲ್ಲ ಕಂದ,” ಎಂದರು ಇಬ್ಬರೂ ಒಟ್ಟಿಗೇ.

ಆ ಹಲ್ಲಿನ ಡಬ್ಬಿ ಇವತ್ತಿಗೂ ಸಂಡೇ ಸ್ಕೂಲಿನ ಕಿಟಕಿಯಲ್ಲಿದೆ. ಏನು, ಇನ್ನೂ ಅನುಮಾನವೇ? ಇಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ಕೇಳಿದಿರಲ್ಲ, ಈಗೇಕೆ ಮುಚ್ಚುತ್ತೀರಿ? ಇನ್ನೂ ಸ್ವಲ್ಪ ಅಗಲ ತೆರೆಯಿರಿ, ಬೆಳಕಿಗೆ ತಿರುಗಿ. ನಿಮ್ಮ ದವಡೆಯ ತುದಿಯಲ್ಲಿ ಯಾರು ಅಡ್ಡ ಮಲಗಿದ್ದಾರೆ ಎಂದು ಮೊದಲು ನೋಡಿಬಿಡೋಣ. ನನ್ನನ್ನು ಸುಳ್ಳುಗಾರ ಎನ್ನುವುದು ಆಮೇಲೆ.