ಲೀಟರಿಗೆ ಹನ್ನೆರಡು

ಪಿಕಪ್ಪಿನ ಡೀಸೆಲ್ ಮುಳ್ಳು ಕೆಟ್ಟು ಮಲಗಿದ ಮೇಲೆ ಅಣ್ಣನಿಗೆ ತಂಗಿಯ ಲೆಕ್ಕವೇ ಗತಿಯಾಗಿತ್ತು. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಓಡಿಸಿ, ಮತ್ತೆ ಬಾಯಿಮಟ್ಟ ತುಂಬಿಸಲು ಎಷ್ಟು ಹಿಡಿಯಿತೆಂದು ನೋಡಿ, ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಅವಳು ಹೇಳುತ್ತಿದ್ದಳು. ಜೇನುಪೆಟ್ಟಿಗೆಗಳನ್ನು ಹೂವಿದ್ದ ಕಡೆಗೆ ಸಾಗಿಸುವುದು ಅವರ ಕಸುಬು. ಗಾಡಿ ಓಡುತ್ತಿದ್ದರೆ ಪೆಟ್ಟಿಗೆಗಳ ಜಾಲರಿಯೊಳಗೆ ಗಾಳಿ ನುಗ್ಗುತ್ತದೆ. ಬಿಸಿಲಲ್ಲಿ ನಿಂತಿತೋ, ಮುಚ್ಚಿದ ಪೆಟ್ಟಿಗೆಯೊಳಗೇ ಹುಳುಗಳು ಬೆಂದುಹೋಗುತ್ತವೆ. ಅದಕ್ಕೇ ಅವಳು ಬಂದ ಲೆಕ್ಕದಲ್ಲಿ ಎರಡು ಕಿಲೋಮೀಟರ್ ಮುರಿದೇ ಹೇಳುತ್ತಿದ್ದಳು.

"ನಿನ್ನ ಲೆಕ್ಕದಲ್ಲಿ ಡೀಸೆಲ್‌ಗಿಂತ ಪುಕ್ಕಲೇ ಜಾಸ್ತಿ ಕಣೇ" ಎಂದು ಗುಡ್ಡದಾಚೆಗೆ ಹೊರಡುವ ಹಿಂದಿನ ದಿನ ಅಣ್ಣ ಎಲ್ಲರೆದುರು ನಕ್ಕಿದ್ದ. ಅವಳಿಗೆ ಚುರುಕ್ಕೆಂದಿತ್ತು. "ಹಾಗಾದ್ರೆ ಹನ್ನೆರಡು, ಹೋಗು" ಎಂದು ಎರಡು ಮುರಿಯದೆ, ಬಂದದ್ದನ್ನು ಬಂದ ಹಾಗೆಯೇ ಹೇಳಿಬಿಟ್ಟಿದ್ದಳು.

ಬೆಳಿಗ್ಗೆ ಅಣ್ಣ ಹೊರಟುಹೋದ ಮೇಲೆ ಅವಳು ಅಂಗಳಕ್ಕೆ ಬಂದರೆ, ಗಾಡಿಯಲ್ಲಿ ಸದಾ ಇರುತ್ತಿದ್ದ ಡೀಸೆಲ್ ಕ್ಯಾನು ಗೋಡೆಗೊರಗಿ ಕೂತಿತ್ತು.

"ಅತ್ತಿಗೆ, ಇದ್ಯಾಕೆ ಇಲ್ಲೇ ಇದೆ?"

"ಇನ್ನೊಂದು ಪೆಟ್ಟಿಗೆಗೆ ಜಾಗ ಬೇಕಿತ್ತಲ್ಲ, ಅದಕ್ಕೆ ಇಳಿಸಿದ್ರು. ಅವಳು ಹನ್ನೆರಡು ಅಂದ್ರೆ ಹದಿನಾಲ್ಕು ಅಂತ ತಿಳ್ಕೋಬೇಕು, ಟ್ಯಾಂಕಲ್ಲಿರೋದೇ ಸಾಕು ಅಂದ್ರು ನಿಮ್ಮಣ್ಣ."

ಅವಳು ಕ್ಯಾನು ಎತ್ತಿ ನೋಡಿದಳು, ತುಂಬಿತ್ತು. ಹನ್ನೆರಡು ಬಂದದ್ದು ಖಾಲಿ ಗಾಡಿಗೆ, ಸಪಾಟು ರಸ್ತೆಯಲ್ಲಿ. ಇವತ್ತು ಮೈತುಂಬ ಪೆಟ್ಟಿಗೆ, ಎದುರಿಗೆ ಗುಡ್ಡ. ಗುಡ್ಡ ದಾಟುವವರೆಗೆ ಒಂದೂ ಬಂಕಿಲ್ಲ. ಫೋನ್ ಮಾಡಿದಳು. ಗುಡ್ಡದಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಮತ್ತೆ ಮಾಡಿದಳು. ಬಿಸಿಲು ಆಗಲೇ ಗೋಡೆಯ ಅರ್ಧಕ್ಕೆ ಇಳಿದಿತ್ತು.

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್‌ನನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಿದ್ದರು. ಅವಳು ಕ್ಯಾನು ಹಿಡಿದು, ಅಣ್ಣನ ಗಾಡಿ ಗುಡ್ಡದಲ್ಲಿ ನಿಂತಿದೆ ಎನ್ನುತ್ತ ಓಡಿ ಬಂದದ್ದನ್ನು ಕಂಡು ಅವನು ಚಹಾದ ಲೋಟ ಕೆಳಗಿಟ್ಟ.

"ಗಾಡಿ ನಿಂತಿದೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

"ಮತ್ತೆ?"

"ನಿಂತಿರತ್ತೆ ಗ್ರೀಸಣ್ಣ, ಬೇಗ ಹೊರಡಿ."

"ನಿನ್ನ ಗಾಬರಿಗೆ ಆಟೋ ಥರ ಮೀಟರ್ ಹಾಕಿ ದುಡ್ಡು ತಗೊಂಡಿದ್ರೆ ನಾನು ಗ್ಯಾರೇಜ್ ಮುಚ್ಚಿ ಆರಾಮಾಗಿ ಇರಬಹುದಿತ್ತು" ಎನ್ನುತ್ತಲೇ ಅವನು ತನ್ನ ಜೀಪು ಹತ್ತಿದ.

ದಾರಿಯುದ್ದಕ್ಕೂ ಅವಳು ಮರದ ನೆರಳುಗಳನ್ನೇ ನೋಡುತ್ತಿದ್ದಳು. ಇಲ್ಲಿ ನಿಂತಿದ್ದರೆ ಚೆನ್ನಾಗಿತ್ತು, ಇಲ್ಲಾದರೂ ನಿಲ್ಲಬಾರದಿತ್ತೇ. ಮೇಲೇರುತ್ತ ಮರಗಳು ಮುಗಿದವು. ಬೋಳು ತಿರುವೊಂದರಲ್ಲಿ ಪಿಕಪ್ ನಿಂತಿತ್ತು. ಅಣ್ಣ ತನ್ನ ಅಂಗಿ ಬಿಚ್ಚಿ, ಕುಡಿಯುವ ನೀರಲ್ಲಿ ನೆನೆಸಿ ಜಾಲರಿಗಳ ಮೇಲೆ ಹಿಂಡುತ್ತಿದ್ದ. ಪೆಟ್ಟಿಗೆಗಳು ಮೊರೆಯುತ್ತಿದ್ದವು. ಬಾಟಲಿ ಬರಿದಾಗಿತ್ತು.

"ಹದಿನಾಲ್ಕು ಬರತ್ತೆ ಅಂದ್ಕೊಂಡಿದ್ದೆ ಕಣೇ" ಎಂದ, ಅವಳ ಮುಖ ನೋಡದೆ.

"ಸಾಕು, ಫನೆಲ್ ಹಿಡಿ."

ಡೀಸೆಲ್ ಸುರಿದದ್ದಾಯಿತು. ಖಾಲಿಯಾದ ಪೈಪಿಗೆ ಗಾಳಿ ಸೇರಿತ್ತು; ಅದನ್ನು ಹೊರತಳ್ಳದೆ ಎಂಜಿನ್ ಹಿಡಿಯುವುದಿಲ್ಲ. ಗ್ರೀಸಣ್ಣ ಬಾನೆಟ್ಟಿನೊಳಗೆ ತಲೆಯಿಟ್ಟು ಕೈಪಂಪು ಒತ್ತುತ್ತಲೇ ಇದ್ದ. ಅಣ್ಣ ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಅವಳು ಪೆಟ್ಟಿಗೆಗಳಿಗೆ ಕಿವಿಗೊಟ್ಟಳು. ಅಂಚಿನದೊಂದರಲ್ಲಿ ಮೊರೆತ ಸಣ್ಣದಾಗುತ್ತಿತ್ತು. ಬಾಗಿಲು ತೆರೆದುಬಿಡೋಣವೆಂದರೆ ಹುಳುಗಳು ಈ ಬೋಳುಗುಡ್ಡದಲ್ಲಿ ದಿಕ್ಕೆಟ್ಟು ಹೋಗುತ್ತವೆ.

"ಈಗ ಸ್ಟಾರ್ಟ್ ಹೊಡಿ!" ಎಂದು ಗ್ರೀಸಣ್ಣ ಕೂಗಿದ. ಎಂಜಿನ್ ಮತ್ತೆ ಕೆಮ್ಮಿತು, ಎಳೆಯಿತು, ಹಿಡಿದುಕೊಂಡಿತು. ಅವಳು ಓಡಿ ಅಣ್ಣನ ಪಕ್ಕಕ್ಕೆ ಹತ್ತಿದಳು.

ಗಾಡಿ ಓಡತೊಡಗಿತು. ಕಿಟಕಿಯಿಂದ ಗಾಳಿ ಬಡಿಯಿತು, ಹಿಂದಿನ ಜಾಲರಿಗಳಿಗೂ ಬಡಿಯುತ್ತಿರಬೇಕು. ಎಂಜಿನ್ನಿನ ಸದ್ದಿನಲ್ಲಿ ಮೊರೆತ ಕೇಳಿಸುತ್ತಿರಲಿಲ್ಲ.

"ಆ ಅಂಚಿನ ಪೆಟ್ಟಿಗೆ ಹೇಗಿತ್ತು?" ಅಣ್ಣ ಕೇಳಿದ.

"ಸದ್ದು ಕಮ್ಮಿಯಾಗಿತ್ತು."

ಅವನ ಕಾಲು ಬ್ರೇಕಿನತ್ತ ಸರಿದದ್ದನ್ನು ಕಂಡು ಅವಳು ಅವನ ಮೊಣಕಾಲು ಹಿಡಿದಳು.

"ನಿಲ್ಲಿಸ್ಬೇಡ. ಸತ್ತಿದ್ರೂ ಬದುಕಿದ್ರೂ ಈಗ ಓಡಿಸೋದೊಂದೇ."

ಅವನು ಕಾಲನ್ನು ಮತ್ತೆ ಆಕ್ಸಿಲರೇಟರಿಗೆ ತಂದ. ಇಬ್ಬರೂ ಹಿಂದೆ ಕಿವಿಯಿಟ್ಟು, ಏನೂ ಕೇಳಿಸದೆ, ಗುಡ್ಡದ ತುದಿ ದಾಟಿ ಇಳಿಯತೊಡಗಿದರು.